ಸೂರಿಗೆ ಸಿಕ್ಕಿಸಿದ ಲೋಟ

ಮೇಟಗಳ್ಳಿಯ ನಮ್ಮ ಹಳೆಯ ಹೆಂಚಿನ ಮನೆಯನ್ನು ಕೆಡವಿ, ಅದೇ ಜಾಗದಲ್ಲಿ ನನ್ನ ಚಿಕ್ಕಪ್ಪನ ಮಗ ಮೂರಂತಸ್ತಿನ ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ಹದಿನೈದು ದಿನ ಇರುವಾಗ ಫೋನ್ ಮಾಡಿ, "ಅಕ್ಕ, ನೀನು ಟೀಚರು, ಬರೆಯೋದು ನಿನಗೆ ಗೊತ್ತು. ಅಜ್ಜಿ ವಿಚಾರ ಒಂದು ಪುಟ ಬರೆದುಕೊಡು. ಅವತ್ತು ಊಟಕ್ಕೆ ಮುಂಚೆ ಎಲ್ಲರ ಎದುರಿಗೆ ಓದೋಣ. ಅಜ್ಜಿ ಅಂದ್ರೆ ಅನ್ನಪೂರ್ಣೇಶ್ವರಿ ಅಲ್ವಾ" ಎಂದ. ಇದೇನು ಮಹಾ ಕೆಲಸ, ಒಂದು ಗಂಟೆಯಲ್ಲಿ ಬರೆದು ಮುಗಿಸುತ್ತೇನೆ ಎಂದುಕೊಂಡು ಒಪ್ಪಿದೆ. ಹದಿನಾಲ್ಕು ದಿನವಾದರೂ ಆ ಪುಟ ಮುಗಿಯಲಿಲ್ಲ.

ಬರೆಯುವುದಕ್ಕೆ ಸಂಗತಿಯೇನೂ ಕಡಿಮೆ ಇರಲಿಲ್ಲ. ಅಜ್ಜಿ ತಾನು ಹುಟ್ಟಿದ ವರ್ಷವನ್ನು ಹೇಳಬಲ್ಲವಳಲ್ಲ. "ಕನ್ನಂಬಾಡಿ ಕಟ್ಟೆ ಕಟ್ಟೋಕೆ ಸುರು ಮಾಡಿದ್ರಲ್ಲ, ಆವಾಗ ನಾನು ಕೂಸು" ಎನ್ನುತ್ತಿದ್ದಳು. ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ಮುಗಿದದ್ದು 1930ರ ದಶಕದ ಮೊದಲಿಗೆ. ಅಷ್ಟರೊಳಗೆ ಅಜ್ಜಿ ಮದುವೆಯಾಗಿ ಮೇಟಗಳ್ಳಿಗೆ ಬಂದು ಒಂದು ಮಗುವಿನ ತಾಯಿಯೂ ಆಗಿದ್ದಳು. ಆಗ ಇದು ರಾಗಿ, ಹುರುಳಿ, ಅವರೆ ಬೆಳೆಯುವ ಹಳ್ಳಿ. ಮೈಸೂರಿನಿಂದ ಕನ್ನಂಬಾಡಿಗೆ ಹೋಗುವ ರಸ್ತೆ ನಮ್ಮ ಊರನ್ನು ಹಾದೇ ಹೋಗುತ್ತಿತ್ತು. ಆ ರಸ್ತೆ ನಮ್ಮ ಮನೆಗೆ ನೆಂಟರನ್ನೂ, ನೆಂಟರಲ್ಲದವರನ್ನೂ ತಂದು ಬಿಡುತ್ತಿತ್ತು.

ದಸರಾ ಬಂತೆಂದರೆ ಬೆಳಗೊಳ, ಪಾಂಡವಪುರದ ಕಡೆಯ ಗಾಡಿಗಳು ಜಂಬೂಸವಾರಿ ನೋಡಲು ಸಾಲುಗಟ್ಟಿ ಹೊರಡುತ್ತಿದ್ದವು. ಎತ್ತುಗಳಿಗೆ ನೀರು ಕುಡಿಸಲು ನಿಂತವರನ್ನು ಅಜ್ಜಿ ಹಾಗೆಯೇ ಹೋಗಲು ಬಿಡುತ್ತಿರಲಿಲ್ಲ. "ಒಸಿ ಮಜ್ಜಿಗೆ ಕುಡ್ಕಂಡು ಹೋಗ್ರಪ್ಪ, ಮಾರಾಜ್ರು ಆನೆ ಮೇಲೆ ಕೂರೋದು ಸಾಯಂಕಾಲಕ್ಕೆ" ಎನ್ನುತ್ತಿದ್ದಳಂತೆ. ಮುಂದೆ 1970ರ ದಶಕದಲ್ಲಿ ಟೈರು ಕಾರ್ಖಾನೆಗಳು ಬಂದವು. ಕೆಲಸ ಕೇಳಿಕೊಂಡು ಬರುವ ಹುಡುಗರು ಗೇಟಿನ ಮುಂದೆ ನಿಂತು ನಿಂತು ಸಾಕಾಗಿ ನಮ್ಮ ಜಗಲಿಗೆ ಬರುತ್ತಿದ್ದರು. ಅವರಿಗೂ ಮುದ್ದೆ, ಉಪ್ಸಾರು. ಹಿಟ್ಟಿನ ಮಡಕೆಗೆ ಕೈಹಾಕಿದರೆ ಮನೆಯವರ ಲೆಕ್ಕಕ್ಕಿಂತ ಎರಡು ಹಿಡಿ ಹೆಚ್ಚೇ ಹಾಕುವುದು ಅವಳ ಪದ್ಧತಿ. "ಬರೋರು ಹೇಳಿ ಬತ್ತಾರಾ?" ಎಂದು ಕೇಳುತ್ತಿದ್ದಳು. ಬಂದವರೆಲ್ಲ ಉಂಡ ಮೇಲೆ ಉಣ್ಣುವವರು ಇಬ್ಬರು, ಅಜ್ಜಿ ಮತ್ತು ನನ್ನ ಅವ್ವ. ಎಷ್ಟೋ ದಿನ ಅವರ ಪಾಲಿಗೆ ಮಜ್ಜಿಗೆ, ಈರುಳ್ಳಿ ಅಷ್ಟೇ ಉಳಿಯುತ್ತಿತ್ತು. ಇಬ್ಬರೂ ಹಸಿದಿದ್ದರು. ಹೊಗಳಿಕೆ ಮಾತ್ರ ಅಜ್ಜಿಗೆ ಸಿಕ್ಕಿತು, ಅವ್ವನಿಗೆ ಮುಸುರೆ ಪಾತ್ರೆ ಸಿಕ್ಕಿತು. ಇದನ್ನು ಅವ್ವನೇ ನಗುತ್ತ ಹೇಳುತ್ತಿದ್ದರಿಂದ ನಾನೂ ನಗುತ್ತ ಬರೆಯುತ್ತಿದ್ದೇನೆ.

ಇಷ್ಟನ್ನೆಲ್ಲ ಬರೆದೆ. ಓದಿ ನೋಡಿದರೆ ಚೆನ್ನಾಗಿಯೇ ಇತ್ತು. ಆದರೆ ಮನೆ ಕೆಡವಿದ ದಿನ ನಾನು ಕಂಡ ಒಂದು ವಸ್ತು ಆ ಪುಟದಲ್ಲಿ ಎಲ್ಲೂ ಇರಲಿಲ್ಲ. ಹೆಂಚು ಇಳಿಸುತ್ತಿದ್ದ ಆಳು ಜಗಲಿಯ ಕೊನೆಯ ಸೂರಿನ ಸಂದಿಯಿಂದ ಏನನ್ನೋ ಎಳೆದು ಅಂಗಳಕ್ಕೆ ಎಸೆದಿದ್ದ. ನೆಗ್ಗಿ ಕಪ್ಪಾಗಿದ್ದ ಅಲ್ಯೂಮಿನಿಯಂ ಲೋಟ. ಅಜ್ಜಿ ತೀರಿಕೊಂಡದ್ದು 1986ರಲ್ಲಿ. ಅಂದಿನಿಂದಲೂ ಅದು ಅಲ್ಲೇ ಇತ್ತೇನೋ. ನಾನು ಅದನ್ನು ಕಂಡ ಕೂಡಲೇ ಗುರುತಿಸಿದೆ.

ನಮ್ಮದು ಒಕ್ಕಲುತನದ ಮನೆ. ಹೊಲದ ಕೆಲಸಕ್ಕೆ ಊರಾಚೆಯ ಕೇರಿಯಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಹೆಸರು ಇಲ್ಲಿ ಬೇಡ. ಆರೇಳು ವರ್ಷದ ಮಕ್ಕಳಾದ ನಾವು ಕೂಡ ಆಕೆಯನ್ನು ಹೆಸರು ಹಿಡಿದು, ಏಕವಚನದಲ್ಲಿ ಕೂಗುತ್ತಿದ್ದೆವು ಎಂಬುದನ್ನು ಹೇಳಿದರೆ ಸಾಕು. ಕಳೆ ಕಿತ್ತು, ಕೊಯ್ಲು ಮಾಡಿ, ಒಕ್ಕಣೆ ಮಾಡಿ, ನಮ್ಮ ಕಣಜಕ್ಕೆ ರಾಗಿ ತುಂಬಿಸಿದವಳು ಅವಳೇ. ಮಧ್ಯಾಹ್ನ ಜಗಲಿಯ ಕೆಳಗೆ ಬಂದು ನಿಂತು ಸೂರಿನಿಂದ ಆ ಲೋಟವನ್ನೂ ಒಂದು ತಟ್ಟೆಯನ್ನೂ ತಾನೇ ತೆಗೆದುಕೊಳ್ಳುತ್ತಿದ್ದಳು. ಅಜ್ಜಿ ಮೇಲಿನಿಂದ ಮುದ್ದೆ ಹಾಕಿ, ಸಾರು ಬಿಟ್ಟು, ಲೋಟಕ್ಕೆ ತಾಗದ ಹಾಗೆ ಮಜ್ಜಿಗೆ ಹೊಯ್ಯುತ್ತಿದ್ದಳು. ಎರಡನೆಯ ಸಲ ಕೇಳುವ ಮೊದಲೇ ಇನ್ನೊಂದು ಮುದ್ದೆ. ಉಂಡಾದ ಮೇಲೆ ಆಕೆ ಲೋಟ ತಟ್ಟೆ ತೊಳೆದು ಮತ್ತೆ ಅಲ್ಲೇ ಸಿಕ್ಕಿಸಿ ಹೋಗುತ್ತಿದ್ದಳು. ಅವು ಬಿಸಿಲಿಗೂ ಮಳೆಗೂ ಹೊರಗೇ ಇರುತ್ತಿದ್ದವು. ನನಗೆ ಇದು ಎಂದೂ ವಿಚಿತ್ರವಾಗಿ ಕಾಣಲಿಲ್ಲ. ಬಚ್ಚಲ ಮನೆ ಹಿತ್ತಲಲ್ಲಿ ಇರುವ ಹಾಗೆ ಆ ಲೋಟ ಸೂರಿನಲ್ಲಿ ಇತ್ತು, ಅಷ್ಟೇ.

ಇನ್ನೊಂದು ಬಗೆಯ ಜನರೂ ನಮ್ಮ ಜಗಲಿಗೆ ಬರುತ್ತಿದ್ದರು. ಮೈಸೂರಿನಿಂದ ನಮ್ಮೂರಿಗೆ ಬರುವ ಕೆ.ಆರ್.ಎಸ್. ರಸ್ತೆಯಲ್ಲೇ ಕ್ಷಯರೋಗದ ದೊಡ್ಡ ಆಸ್ಪತ್ರೆ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದಲೇ ತೀರಿಕೊಂಡರು. ಅರಮನೆಯ ಗೋಡೆಯೂ ಆ ರೋಗವನ್ನು ತಡೆಯಲಿಲ್ಲ. ಅವರ ಹೆಸರಿನಲ್ಲಿ 1921ರಲ್ಲಿ ಆರಂಭವಾದ ಸ್ಯಾನಿಟೋರಿಯಂ ಅದು. ಒಳ್ಳೆಯ ಗಾಳಿ ಬೆಳಕು ಸಿಗಲಿ ಎಂದು ಆಗ ಅದನ್ನು ಊರ ಹೊರಗೆ ಕಟ್ಟಿದ್ದರು. ಮಂಡ್ಯ, ಹಾಸನ, ಕೊಡಗಿನ ಕಡೆಯಿಂದ ರೋಗಿಗಳನ್ನು ಕರೆತಂದವರು ತಿಂಗಳುಗಟ್ಟಲೆ ಇಲ್ಲೇ ಉಳಿಯಬೇಕಾಗುತ್ತಿತ್ತು. ಮರದಡಿ ಮೂರು ಕಲ್ಲು ಹೂಡಿ ಗಂಜಿ ಬೇಯಿಸಿಕೊಳ್ಳುತ್ತಿದ್ದರು. ಅವರಲ್ಲಿ ಕೆಲವರು ಮೇಟಗಳ್ಳಿಯವರೆಗೂ ನಡೆದು ಬಂದು ಮಜ್ಜಿಗೆಯನ್ನೋ ಹಿಡಿ ಅಕ್ಕಿಯನ್ನೋ ಕೇಳುತ್ತಿದ್ದರು. ಆಸ್ಪತ್ರೆಯ ಹೆಸರು ಹೇಳಿದರೆ ಬಾಗಿಲು ಹಾಕಿಕೊಳ್ಳುವ ಮನೆಗಳಿದ್ದವು. ಅಜ್ಜಿ ಬಾಗಿಲು ಹಾಕುತ್ತಿರಲಿಲ್ಲ. ಮುತ್ತುಗದ ಎಲೆಯಲ್ಲಿ ಊಟ ಕೊಟ್ಟು ಬೊಗಸೆಗೆ ನೀರು ಹೊಯ್ಯುತ್ತಿದ್ದಳು.

1977ರ ಆಷಾಢದ ಒಂದು ಸಂಜೆ. ನನಗೆ ಆಗ ಎಂಟು ವರ್ಷ. ಮಳೆ ಹಿಡಿದಿತ್ತು. ಹಾಸನದ ಕಡೆಯ ಒಬ್ಬ ತಾಯಿ ನೆನೆದು ತೊಪ್ಪೆಯಾಗಿ ಜಗಲಿಗೆ ಬಂದಳು. ಮಗ ಆಸ್ಪತ್ರೆಯಲ್ಲಿ. ರಾತ್ರಿ ಹೊತ್ತು ಅಲ್ಲಿ ಇರಬೇಡಿ ಎಂದಿದ್ದಾರೆ. ಊರಿಗೆ ಹೋಗುವ ಬಸ್ಸೂ ತಪ್ಪಿದೆ. ಅಜ್ಜಿ ಆಕೆಯನ್ನು ನೋಡಿ, "ಯಾವೂರವ್ವ? ಯಾರ ಪೈಕಿ?" ಎಂದು ಕೇಳಿದಳು. ಆಕೆ ಹೇಳಿದಳು. ಉತ್ತರ ಕೇಳಿದ್ದೇ "ಒಳಕ್ಕೆ ಬಾ" ಎಂದು ಕೈ ಹಿಡಿದು ಪಡಸಾಲೆಗೆ ಕರೆದುಕೊಂಡಳು. ತನ್ನ ಒಣಗಿದ ಸೀರೆ ಕೊಟ್ಟಳು. ತಾನು ಉಣ್ಣುವ ಕಂಚಿನ ತಣಿಗೆಯಲ್ಲೇ ಬಿಸಿ ಮುದ್ದೆ ಇಕ್ಕಿದಳು. ಹೊದೆಯಲು ತನ್ನ ಕಂಬಳಿ. ಅಪ್ಪ ಸಿಟ್ಟಾದರು. "ಮನೇಲಿ ಮಕ್ಕಳಿವೆ. ಆ ಕಾಯಿಲೇನ ಒಳಕ್ಕೆ ಕರ್ಕಂಡ್ಯಲ್ಲ" ಎಂದರು. ಅಜ್ಜಿ, "ಬಂದ್ರೆ ನನಗೇ ಬರಲಿ ಕಣಪ್ಪ. ಹೆತ್ತೋಳು ಮಳೇಲಿ ನಿಂತಿರುವಾಗ ನಾನು ಹೆಂಗೆ ಉಣ್ಣಲಿ?" ಎಂದಳು. ಅಪ್ಪ ಮಾತಾಡಲಿಲ್ಲ.

ಇದನ್ನು ನಮ್ಮ ಮನೆತನದಲ್ಲಿ ನೂರು ಸಲ ಹೇಳಿದ್ದಾರೆ. ನಾನೂ ಹೇಳಿದ್ದೇನೆ. ನಾವು ಯಾರೂ ಹೇಳದೆ ಬಿಟ್ಟದ್ದು ಒಂದಿದೆ. ಅದೇ ಸಂಜೆ, ಅದೇ ಮಳೆಯಲ್ಲಿ ನಮ್ಮ ಹೊಲದ ಕೆಲಸದ ಹೆಂಗಸೂ ಬಂದು ಸೂರಿನ ಕೆಳಗೆ ನಿಂತಿದ್ದಳು. ಮಕ್ಕಳಿಗೆ ಒಲೆ ಹಚ್ಚಲು ಒಣಸೌದೆ ಇರಲಿಲ್ಲ. ಅಜ್ಜಿ ಅವಳಿಗೂ ಕೊಟ್ಟಳು, ಕಡಿಮೆಯೇನೂ ಕೊಡಲಿಲ್ಲ. ಸೂರಿನ ಲೋಟದಲ್ಲಿ ಮಳೆನೀರು ತುಂಬಿತ್ತು. ಆಕೆ ಅದನ್ನು ಚೆಲ್ಲಿ, ಸಾರು ಬಿಡಿಸಿಕೊಂಡು, ಸೆರಗು ಮುಚ್ಚಿಕೊಂಡು ಮಳೆಯಲ್ಲೇ ನಡೆದು ಹೋದಳು. ಒಳಗೆ ಆ ಹಾಸನದ ತಾಯಿ ಕಂಬಳಿ ಹೊದ್ದು ಕೂತಿದ್ದಳು. ಎರಡನ್ನೂ ನಾನು ಬಾಗಿಲ ಹತ್ತಿರ ನಿಂತು ನೋಡಿದ್ದೆ. ಒಂದು ನೆನಪು ಕಥೆಯಾಯಿತು. ಇನ್ನೊಂದು ಸುಮ್ಮನೆ ನನ್ನೊಳಗೆ ಬಿದ್ದಿತ್ತು.

ಈಗ ಯೋಚಿಸಿದರೆ ಆಶ್ಚರ್ಯವಾಗುತ್ತದೆ. ಅಜ್ಜಿಗೆ ಕ್ಷಯದ ಭಯ ಇರಲಿಲ್ಲವೆಂದಲ್ಲ. ಆ ಕಾಯಿಲೆಯಿಂದ ಮನೆಗೆ ಮನೆಯೇ ಹಾಳಾದದ್ದನ್ನು ಕಂಡವಳು ಅವಳು. ಆ ಭಯಕ್ಕೆ ಒಂದು ಆಧಾರವೂ ಇತ್ತು. ರೋಗಾಣುವನ್ನು ರಾಬರ್ಟ್ ಕಾಖ್ 1882ರಲ್ಲೇ ಕಂಡುಹಿಡಿದಿದ್ದ. ರೋಗಿ ಕೆಮ್ಮಿದಾಗ ಗಾಳಿಯಲ್ಲಿ ಹರಡುತ್ತದೆ, ತಟ್ಟೆ ಲೋಟದಿಂದ ಹರಡುವುದಿಲ್ಲ ಎಂದು ವೈದ್ಯರು ಈಗ ಹೇಳುತ್ತಾರೆ. 1956ರಲ್ಲಿ ಮದರಾಸಿನಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಕೇಂದ್ರ ಒಂದು ದೊಡ್ಡ ಪ್ರಯೋಗ ಮಾಡಿತು. ಕೆಲವು ರೋಗಿಗಳಿಗೆ ಸ್ಯಾನಿಟೋರಿಯಂನಲ್ಲಿ, ಕೆಲವರಿಗೆ ಅವರ ಬಡ ಮನೆಗಳಲ್ಲೇ ಇರಿಸಿ ಒಂದೇ ಔಷಧಿ ಕೊಟ್ಟರು. 1959ರಲ್ಲಿ ಫಲಿತಾಂಶ ಹೊರಬಂತು. ಮನೆಯಲ್ಲಿದ್ದವರೂ ಆಸ್ಪತ್ರೆಯವರಷ್ಟೇ ಚೆನ್ನಾಗಿ ಗುಣವಾಗಿದ್ದರು, ಮನೆಯಲ್ಲಿ ಇಟ್ಟುಕೊಂಡದ್ದರಿಂದ ಮನೆಯವರಿಗೆ ಹೆಚ್ಚಿನ ಅಪಾಯವೇನೂ ಆಗಿರಲಿಲ್ಲ. ಔಷಧಿ ಸರಿಯಾಗಿ ತೆಗೆದುಕೊಳ್ಳುವ ರೋಗಿಯನ್ನು ದೂರ ಇಡಬೇಕಾಗಿಲ್ಲ ಎಂದು ಜಗತ್ತಿಗೆ ತಿಳಿಸಿದ್ದು ನಮ್ಮ ಪಕ್ಕದ ಊರಿನ ಕೆಲಸ. ಅದೆಲ್ಲ ಗೊತ್ತಿಲ್ಲದ ಅಜ್ಜಿ ಭಯವಿದ್ದೂ ಬಾಗಿಲು ತೆಗೆದಳು. ಸಾವಿನ ಭಯವನ್ನು ದಾಟಿದವಳು ಸೂರಿನ ಲೋಟವನ್ನು ದಾಟಲಿಲ್ಲ. ಅಲ್ಲಿ ಭಯಪಡಲು ಏನೂ ಇರಲಿಲ್ಲ. ಇದ್ದದ್ದು ರೂಢಿ ಮಾತ್ರ. ಭಯವನ್ನು ಒಂದು ಸಂಜೆಯ ಕನಿಕರ ಗೆಲ್ಲಬಲ್ಲದು. ರೂಢಿಯನ್ನು ಅದು ಮುಟ್ಟಲೂ ಇಲ್ಲ, ಏಕೆಂದರೆ ರೂಢಿ ಅಲ್ಲಿದೆ ಎಂದೇ ಅವಳಿಗೆ ಕಾಣುತ್ತಿರಲಿಲ್ಲ.

ಅತಿಥಿಯನ್ನು ದೇವರಂತೆ ಕಾಣಬೇಕು ಎಂಬ ಮಾತು ತೈತ್ತಿರೀಯ ಉಪನಿಷತ್ತಿನದು. ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರು ಹೇಳುವ ಬುದ್ಧಿಮಾತುಗಳಲ್ಲಿ ಅದೂ ಒಂದು. ಮಕ್ಕಳಿಗೆ ಅದನ್ನು ಎಷ್ಟೋ ಸಲ ವಿವರಿಸಿದ್ದೇನೆ. ಯಾರು ಅತಿಥಿ ಎಂಬ ಪ್ರಶ್ನೆಯನ್ನು ಮಾತ್ರ ನಾನು ಕೇಳಿಸಲಿಲ್ಲ. ದಾರಿಹೋಕ ಅತಿಥಿ, ನೆಂಟ ಅತಿಥಿ. ಮೂವತ್ತು ವರ್ಷ ದಿನವೂ ಬಂದವಳು ಏನು? ಅವಳಿಗೆ ಅನ್ನದ ಅಳತೆಯಲ್ಲಿ ಕೊರತೆಯಾಗಲಿಲ್ಲ. ಹೊಟ್ಟೆಗೆ ಇಕ್ಕುವುದು ಬೇರೆ, ಜೊತೆಯಲ್ಲಿ ಕೂರಿಸಿಕೊಳ್ಳುವುದು ಬೇರೆ. ಮೊದಲನೆಯದಕ್ಕೆ ದೊಡ್ಡ ಕೈ ಇದ್ದರೆ ಸಾಕು.

ಹೀಗೆಲ್ಲ ಅಂದುಕೊಂಡಾಗ, "ಕಾಲ ಹಾಗಿತ್ತು, ಪಾಪ ಅಜ್ಜಿಯದೇನು ತಪ್ಪು" ಎಂದು ನಾನೇ ನನಗೆ ಉತ್ತರ ಹೇಳಿಕೊಂಡೆ. ಆ ಮಾತು ಅರ್ಧ ಮಾತ್ರ ನಿಜ. ಅಸ್ಪೃಶ್ಯತೆಯನ್ನು ಸಂವಿಧಾನ 1950ರಲ್ಲೇ ತೊಡೆದುಹಾಕಿತ್ತು. 1955ರಲ್ಲಿ ಅದನ್ನು ಶಿಕ್ಷಾರ್ಹ ಅಪರಾಧ ಮಾಡುವ ಕಾನೂನೂ ಬಂದಿತ್ತು. ನಮ್ಮ ಜಗಲಿಯಿಂದ ಒಂದು ಗಂಟೆ ನಡೆದರೆ ಸಿಗುವ ಒಂಟಿಕೊಪ್ಪಲಿನ ‘ಉದಯರವಿ’ಯಲ್ಲಿ ಕುವೆಂಪು ಇದ್ದರು. ಜಾತಿಯನ್ನು ಬಿಡಿ ಎಂದು ಅವರು ಜೀವಮಾನವಿಡೀ ಹೇಳಿದರು, ಬರೆದರು. ಕಾಲ ಎಂಬುದು ಒಂದೇ ಆಗಿರಲಿಲ್ಲ. ಅದೇ ಊರಿನಲ್ಲಿ, ಅದೇ ವರ್ಷಗಳಲ್ಲಿ ಬೇರೆ ಬೇರೆ ರೀತಿಯಲ್ಲಿ ಬದುಕಿದ ಜನ ಇದ್ದರು. ಆದರೆ ಓದು ಬಾರದ ಅಜ್ಜಿಗೆ ಆ ಮಾತನ್ನು ತಲುಪಿಸಬೇಕಾದವರು ಯಾರು? ಓದಿದ ನನ್ನ ಅಪ್ಪ. ಪೇಪರು ಓದುತ್ತಿದ್ದ ಚಿಕ್ಕಪ್ಪ. ಅವರು ಕ್ಷಯಕ್ಕೆ ಸಿಟ್ಟಾದರು, ಲೋಟಕ್ಕೆ ಸಿಟ್ಟಾಗಲಿಲ್ಲ. ತಪ್ಪನ್ನು ಅಳೆಯುವಾಗ ಎಷ್ಟು ಗೊತ್ತಿತ್ತು ಎಂಬುದನ್ನೂ ನೋಡಬೇಕು ಎಂದು ನನಗನ್ನಿಸುತ್ತದೆ. ಗೊತ್ತಿದ್ದವರ ಪಾಲು ಹೆಚ್ಚು. ಆ ಲೆಕ್ಕದಲ್ಲಿ ಅಜ್ಜಿಯ ಪಾಲು ಎಲ್ಲರಿಗಿಂತ ಕಡಿಮೆ, ನನ್ನದು ಎಲ್ಲರಿಗಿಂತ ಹೆಚ್ಚು. ಏಕೆ ಎಂದು ಮುಂದೆ ಹೇಳುತ್ತೇನೆ.

ಪುಟ ಮುಗಿಯದೆ ಒದ್ದಾಡುತ್ತಿದ್ದಾಗ ಒಂದು ಭಾನುವಾರ ಆ ಹೆಂಗಸನ್ನೇ ನೋಡಲು ಹೋದೆ. ಈಗ ಎಂಬತ್ತು ದಾಟಿದ ಮುದುಕಿ. ಮಗಳು ನರ್ಸು, ಆರ್‌ಸಿಸಿ ಮನೆ ಕಟ್ಟಿಸಿಕೊಂಡಿದ್ದಾರೆ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಕಾಫಿ ಕೊಟ್ಟರು. ನನ್ನ ಬಾಯಿಂದ ತಾನಾಗಿ ‘ಅವ್ವ’ ಎಂಬ ಮಾತು ಬಂತು. ಬರಲು ಐವತ್ತು ವರ್ಷ ಬೇಕಾಯಿತು. ಅಜ್ಜಿಯ ವಿಚಾರ ಎತ್ತಿದೆ. ಮುದುಕಿಯ ಮುಖ ಅರಳಿತು. "ಬೋ ದೊಡ್ಡ ಕೈ ಕನವ್ವ ನಿಮ್ಮಜ್ಜೀದು. ಒಂದಿನಾನೂ ಹಸ್ಕಂಡು ಕಳಿಸ್ನಿಲ್ಲ. ನನ್ ಬಾಣಂತನಕ್ಕೆ ತುಪ್ಪ ಕೊಟ್ಟೋರು ಅವ್ರೇ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಲೋಟ ಏನಾಯ್ತವ್ವ?" ಎಂದು ಕೇಳಿದರು.

ಕೆಡವುವಾಗ ಸಿಕ್ಕಿತು ಎಂದೆ.

"ಇವ್ಳು ಸಣ್ಣೋಳಿದ್ದಾಗ ಕೇಳೋಳು, ಅವ್ವ, ಆ ಲೋಟ ಮಾತ್ರ ಯಾಕೆ ಮಳೇಲಿ ನೆನೀತದೆ ಅಂತ. ನಾನು ಏನಂತ ಹೇಳ್ಲಿ? ಸುಮ್ಕಿರು ಅಂತ ಗದರ್ಕೊಳ್ತಿದ್ದೆ" ಎಂದು ಮಗಳ ಕಡೆ ನೋಡಿ ನಕ್ಕರು. ಮಗಳು ನಗಲಿಲ್ಲ. ಕಾಫಿ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು.

ಆ ತಾಯಿಗೆ ತುಪ್ಪವೂ ನೆನಪಿದೆ, ಲೋಟವೂ ನೆನಪಿದೆ. ಒಂದರಿಂದ ಇನ್ನೊಂದನ್ನು ಅಳಿಸುವ ಕೆಲಸಕ್ಕೆ ಅವರು ಹೋಗಿಲ್ಲ. ಅಜ್ಜಿಯನ್ನು ಅವರಷ್ಟು ಪೂರ್ತಿಯಾಗಿ ನೆನೆಯುವವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ. ನಾವು ಅರ್ಧ ಅಜ್ಜಿಯನ್ನು ಇಟ್ಟುಕೊಂಡು ಅದಕ್ಕೆ ಅನ್ನಪೂರ್ಣೇಶ್ವರಿ ಎಂದು ಹೆಸರಿಟ್ಟಿದ್ದೇವೆ. ಸತ್ತವರ ತಪ್ಪು ಎತ್ತಬಾರದು ಎನ್ನುತ್ತಾರೆ. ಆದರೆ ಅವರ ತಪ್ಪನ್ನು ಮರೆತರೆ ಲಾಭ ಅವರಿಗಲ್ಲ, ನಮಗೆ. ಅದೇ ತಪ್ಪನ್ನು ನಿಶ್ಚಿಂತೆಯಿಂದ ಮುಂದುವರಿಸಬಹುದು.

ನನ್ನ ಪಾಲಿನ ವಿಚಾರಕ್ಕೆ ಬರುತ್ತೇನೆ. ಶಾಲೆಗಳಲ್ಲಿ ಬಿಸಿಯೂಟ ನಮ್ಮ ಕಡೆ ಶುರುವಾದದ್ದು 2003ರಲ್ಲಿ. ನಾನು ಆಗ ಕೆಲಸ ಮಾಡುತ್ತಿದ್ದ ಶಾಲೆಗೆ ಒಬ್ಬ ತಾಯಿ ಬಂದು, "ಅಡುಗೆ ಮಾಡೋದು ಯಾರು ಮಿಸ್?" ಎಂದು ಮೆಲ್ಲಗೆ ಕೇಳಿದಳು. ಪ್ರಶ್ನೆಯ ಒಳಗಿನ ಪ್ರಶ್ನೆ ನನಗೆ ಅರ್ಥವಾಯಿತು. ಸಂವಿಧಾನದ ಹದಿನೇಳನೆಯ ವಿಧಿಯಿಂದ ಶುರುಮಾಡಿ ಅರ್ಧ ಗಂಟೆ ಬುದ್ಧಿ ಹೇಳಿ ಕಳಿಸಿದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಮೆಚ್ಚಿದರು. ಸಂಜೆ ಮನೆಗೆ ಬಂದು, ಪಾತ್ರೆ ತೊಳೆಯಲು ಬರುವ ಹೆಣ್ಣುಮಗಳಿಗೆ ಕಾಫಿ ಕೊಟ್ಟೆ. ಯಾವ ಲೋಟದಲ್ಲಿ? ಅಡುಗೆಮನೆಯ ಹಿಂದಿನ ಕಿಟಕಿಯ ಮೇಲೆ ಅವಳಿಗೆಂದೇ ಇಟ್ಟಿದ್ದ ಸ್ಟೀಲ್ ಲೋಟದಲ್ಲಿ. ಅವಳ ಜಾತಿ ಯಾವುದೆಂದು ನಾನು ಕೇಳಿರಲಿಲ್ಲ, ನನಗೆ ಬೇಕಾಗಿಯೂ ಇರಲಿಲ್ಲ. ಕೇಳಿದ್ದರೆ ಶುಚಿತ್ವಕ್ಕೆ ಎನ್ನುತ್ತಿದ್ದೆ. ನಮ್ಮ ಅಷ್ಟೂ ಎಂಜಲು ಪಾತ್ರೆಗಳನ್ನು ಶುಚಿ ಮಾಡುವವಳು ಅವಳೇ, ಅವಳ ಬಾಯಿ ತಾಗಿದ ಲೋಟ ಮಾತ್ರ ಶುಚಿಯಲ್ಲ!

ಆ ಹೆಣ್ಣುಮಗಳು ಹೋಗಿ ಇನ್ನೊಬ್ಬಳು ಬಂದಳು. ಮನೆ ಬದಲಾಯಿತು. ಕಿಟಕಿಯ ಮೇಲಿನ ಲೋಟ ಮಾತ್ರ ಎಲ್ಲ ಕಡೆಗೂ ನಮ್ಮ ಜೊತೆ ಬಂತು. ಅಜ್ಜಿಯ ಲೋಟವನ್ನು ಕೈಯಲ್ಲಿ ಹಿಡಿದು ನೋಡುವವರೆಗೆ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಇದನ್ನು ಓದುತ್ತಿರುವ ನಿಮ್ಮಲ್ಲೂ ಕೆಲವರ ಕಣ್ಣು ಈಗ ನಿಮ್ಮ ಅಡುಗೆಮನೆಯ ಕಿಟಕಿಯ ಕಡೆಗೆ ಹೋಗಿರಬಹುದು. ಹೋದರೆ ನನ್ನ ಮೇಲೆ ಕೋಪ ಮಾಡಿಕೊಳ್ಳಬೇಡಿ, ನಾವೆಲ್ಲ ಒಂದೇ ದೋಣಿಯಲ್ಲಿದ್ದೇವೆ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಬಿ.ಎ., ಬಿ.ಎಡ್.

ಗೃಹಪ್ರವೇಶದ ದಿನ ನಾನು ಬರೆದ ಪುಟವನ್ನು ನಾನೇ ಓದಿದೆ. ಗಾಡಿಯವರ ಮಜ್ಜಿಗೆ, ಹಾಸನದ ತಾಯಿಯ ಕಂಬಳಿ, ಸೂರಿನ ಲೋಟ, ಮೂರನ್ನೂ ಸೇರಿಸಿದ್ದೆ. ಲೋಟದ ಮಾತು ಬಂದಾಗ ಕೆಲವರು ತಲೆ ತಗ್ಗಿಸಿದರು, ಒಬ್ಬಿಬ್ಬರು ಎದ್ದು ಹೋಗಿ ಕೈತೊಳೆದು ಊಟಕ್ಕೆ ಕೂತರು. ತಮ್ಮ, "ಅದೊಂದು ಯಾಕೆ ಬೇಕಿತ್ತಕ್ಕ, ಶುಭದಿನ" ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಅತ್ತೆಯೊಬ್ಬರು ಮಾತ್ರ ಹತ್ತಿರ ಬಂದು, "ಆ ಮಳೆ ದಿನ ನಂಗೂ ಗ್ಯಾನ ಅದೆ ಕಣೆ" ಎಂದು ಕೈ ಒತ್ತಿ ಹೋದರು.

ಮಾರನೆಯ ಬೆಳಿಗ್ಗೆ ನಮ್ಮ ಮನೆಯ ಕೆಲಸದವಳಿಗೆ ನಾವು ಕುಡಿಯುವ ಲೋಟಗಳಲ್ಲಿ ಒಂದರಲ್ಲೇ ಕಾಫಿ ಕೊಟ್ಟು, ಊಟದ ಟೇಬಲ್ಲಿನ ಕುರ್ಚಿ ಎಳೆದು, "ಕೂತ್ಕೊಂಡು ಕುಡಿ" ಎಂದೆ. ದೊಡ್ಡದೇನೋ ಮಾಡುತ್ತಿದ್ದೇನೆ ಎಂಬ ಭಾವನೆ ನನ್ನಲ್ಲಿ ಇದ್ದೇ ಇತ್ತು. ಅವಳು ಕುರ್ಚಿಯ ತುದಿಯಲ್ಲಿ ಕೂತಳು. ಲೋಟವನ್ನೂ ನನ್ನನ್ನೂ ಒಮ್ಮೆ ನೋಡಿ ಹೇಳಿದಳು: "ಅಕ್ಕ, ತಪ್ಪು ತಿಳ್ಕೋಬೇಡಿ. ನನಗೆ ಆ ಹಳೇ ಲೋಟದಲ್ಲೇ ಕೊಡಿ. ಇದು ಚಿಕ್ಕದು, ಅದರಲ್ಲಾದ್ರೆ ಕಾಫಿ ಜಾಸ್ತಿ ಹಿಡೀತದೆ."

ಇಬ್ಬರಿಗೂ ನಗು ಬಂತು. ಕಿಟಕಿಯ ಮೇಲಿದ್ದ ಆ ಲೋಟವನ್ನು ತೆಗೆದು, ತೊಳೆದು, ನಮ್ಮ ಲೋಟಗಳ ಸಾಲಿನಲ್ಲಿ ಇಟ್ಟೆ. ಈಗ ಅದರಲ್ಲಿ ಅವಳೂ ಕುಡಿಯುತ್ತಾಳೆ, ಹೆಚ್ಚು ಕಾಫಿ ಬೇಕಾದ ದಿನ ನಾನೂ ಕುಡಿಯುತ್ತೇನೆ. ಅಜ್ಜಿಯ ಅಲ್ಯೂಮಿನಿಯಂ ಲೋಟವನ್ನು ಹಳೇ ಸಾಮಾನಿನವನಿಗೆ ಹಾಕಲು ಮನಸ್ಸು ಬರಲಿಲ್ಲ. ಅದು ನನ್ನ ಓದುವ ಮೇಜಿನ ಮೇಲಿದೆ. ಪಕ್ಕದಲ್ಲಿ ಅಜ್ಜಿಯ ಫೋಟೋ ಇದೆ. ಎರಡನ್ನೂ ದಿನವೂ ಒರೆಸಿಡುತ್ತೇನೆ.